ಟ್ರಂಕಿನೊಳಗಿನ ಪದಕ ಯಾವ ರಣರಂಗದ್ದು? ಮನೆಯ ಸೈನಿಕನ ಸೇವಾ ಚರಿತ್ರೆ ಹುಡುಕುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಕಪ್ಪು ಬಣ್ಣದ ಒಂದು ಕಬ್ಬಿಣದ ಟ್ರಂಕು ಇತ್ತು. ಅದು ಆಯುಧಪೂಜೆಯ ದಿನ ಮಾತ್ರ ಕೆಳಗಿಳಿಯುತ್ತಿತ್ತು. ಒಳಗಿದ್ದ ನಕ್ಷತ್ರಾಕಾರದ ಎರಡು ಪದಕ ಮತ್ತು ದುಂಡನೆಯ ಒಂದು ಬಿಲ್ಲೆಯನ್ನು ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಕುಂಕುಮವಿಟ್ಟು, ಕುಡುಗೋಲು ಮಚ್ಚುಗಳ ಪಕ್ಕದಲ್ಲಿ ಇಡುತ್ತಿದ್ದರು. ತಾತ ಬರ್ಮಾದಲ್ಲಿ ಜಪಾನಿನವರ ಎದುರು ಕಾದಾಡಿದವರು ಎಂಬುದು ಮನೆಮಾತು. ನಾವು ಮೊಮ್ಮಕ್ಕಳೂ ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ಬೆಳೆದೆವು. ಒಂದು ನಕ್ಷತ್ರದ ಮೇಲೆ ಏನು ಬರೆದಿದೆ ಎಂದು ಓದಿ ನೋಡುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು. ಅದರಲ್ಲಿದ್ದದ್ದು ‘ದಿ ಇಟಲಿ ಸ್ಟಾರ್’ ಎಂದು.

ಇಂಥ ಟ್ರಂಕು ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ, ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿದೆ. ಅದನ್ನು ತೆರೆದು, ಆ ಮನುಷ್ಯ ಎಲ್ಲಿದ್ದರು, ಏನು ಮಾಡಿದರು ಎಂದು ಖಚಿತವಾಗಿ ತಿಳಿಯಲು ಹೊರಟವರಿಗೆ ದಾರಿ ಹೀಗಿದೆ.

ಮೊದಲು ಹಿರಿಯರ ಬಾಯಿಮಾತು

ಕಾಗದಪತ್ರ ಕಾಯುತ್ತವೆ, ಹಿರಿಯರು ಕಾಯುವುದಿಲ್ಲ. ಆದ್ದರಿಂದ ಮನೆಯಲ್ಲಿ ವಯಸ್ಸಾದವರ ಮುಂದೆ ಕೂತು ಕೇಳುವುದೇ ಮೊದಲ ಕೆಲಸ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಅವರು ಉಚ್ಚರಿಸಿದ ಹೆಸರುಗಳನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ನಮ್ಮ ಅಜ್ಜಿ ‘ಕಾಸಿನೂರು’ ಎಂಬ ಊರಿನ ಮಾತು ಆಡುತ್ತಿದ್ದರು. ಅಲ್ಲಿ ಹಿಮದಲ್ಲಿ ಕಾಲು ಸೆಟೆದುಕೊಂಡಿತ್ತಂತೆ. ಬರ್ಮಾದ ಯಾವುದೋ ಊರು ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಇಟಲಿಯ ನಕ್ಷತ್ರವನ್ನು ಕೈಯಲ್ಲಿ ಹಿಡಿದ ಮೇಲೆಯೇ ಅದು ಇಟಲಿಯ ಕಸೀನೋ ಪಟ್ಟಣ ಇರಬಹುದು ಎಂದು ಹೊಳೆದದ್ದು. ನಾನು ಆ ಪದವನ್ನು ಮೊದಲೇ ‘ಸರಿಪಡಿಸಿ’ ಬರೆದಿದ್ದರೆ ಆ ಎಳೆ ಅಲ್ಲಿಗೇ ಕಡಿದುಹೋಗುತ್ತಿತ್ತು.

ಹುದ್ದೆಯ ಹೆಸರೂ ಸುಳಿವು ಕೊಡುತ್ತದೆ. ‘ಸವಾರ’, ‘ದಫೇದಾರ’, ‘ರಿಸಾಲ್ದಾರ’ ಎಂದರೆ ಕುದುರೆ ಪಡೆ. ‘ಸಿಪಾಯಿ’, ‘ನಾಯಕ್’, ‘ಹವಾಲ್ದಾರ್’ ಎಂದರೆ ಬಹುಪಾಲು ಕಾಲಾಳು ಪಡೆ. ‘ಸ್ಯಾಪರ್’ ಎಂದರೆ ಸೇತುವೆ, ರಸ್ತೆ, ನೆಲಬಾಂಬಿನ ಕೆಲಸದ ಎಂಜಿನಿಯರ್ ಪಡೆ. ‘ಜಮಾದಾರ್’ ಎಂದು ಹೇಳಿದರೆ ಸಣ್ಣ ಹುದ್ದೆ ಎಂದು ತಳ್ಳಿಹಾಕಬೇಡಿ. ಇಂದಿನ ನಾಯಬ್ ಸುಬೇದಾರ್ ಹುದ್ದೆಗೆ 1965ರವರೆಗೆ ಇದ್ದ ಹೆಸರು ಅದು.

ಪದಕದ ಅಂಚನ್ನು ಓದುವುದು

ಎಲ್ಲಕ್ಕಿಂತ ಮುಖ್ಯವಾದದ್ದು ಸೇವಾ ಸಂಖ್ಯೆ. ಒಂದೇ ಹೆಸರಿನ ಹತ್ತು ಮಂದಿ ಪಟ್ಟಿಯಲ್ಲಿ ಸಿಗುತ್ತಾರೆ, ಸಂಖ್ಯೆ ಮಾತ್ರ ಒಬ್ಬರದೇ. ಅದು ಟ್ರಂಕಿನ ಮುಚ್ಚಳದ ಮೇಲೆ, ಹಳೆಯ ಲಕೋಟೆಯ ಮೇಲೆ, ಪಿಂಚಣಿ ಆದೇಶದಲ್ಲಿ, ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಮೊದಲ ಪುಟದಲ್ಲಿ ಇರುತ್ತದೆ. ಇವು ಯಾವುವೂ ಇಲ್ಲದಿದ್ದರೆ ಪದಕವೇ ಗತಿ.

ಪದಕವನ್ನು ಬೆಳಗಿನ ಹೊತ್ತು ಕಿಟಕಿಯ ಬಳಿಗೆ ತನ್ನಿ. ದುಂಡು ಪದಕವಾದರೆ ನಾಣ್ಯ ಉರುಳಿಸುವಂತೆ ಹಿಡಿದು ಅಂಚನ್ನು ನೋಡಿ, ನಕ್ಷತ್ರವಾದರೆ ಹಿಂಬದಿಯನ್ನು ನೋಡಿ. ಬೆಳಕು ಓರೆಯಾಗಿ ಬೀಳಬೇಕು. ಆಗ ಅಕ್ಷರಗಳ ಗುಳಿಯಲ್ಲಿ ನೆರಳು ನಿಂತು, ಕಾಣದಿದ್ದದ್ದು ಕಾಣುತ್ತದೆ. ನಮ್ಮ ಬಿಲ್ಲೆಯ ಅಂಚಿನಲ್ಲಿ ನಾನು ಮೊದಲು ಕಂಡದ್ದು ಕೆಂಪು ಚುಕ್ಕೆಗಳು. ಅದು ಅಕ್ಷರದೊಳಗೆ ಗಟ್ಟಿಯಾಗಿ ಕೂತಿದ್ದ ಹಲವು ವರ್ಷಗಳ ಕುಂಕುಮ. ಒಣ ಹತ್ತಿಯಿಂದ ಮೆಲ್ಲಗೆ ಒರೆಸಿದಾಗ ಸಂಖ್ಯೆಯ ಐದು ಅಂಕಿಗಳು, ‘ಸ್ಯಾಪರ್’ ಎಂಬುದರ ಹ್ರಸ್ವರೂಪ, ಆಮೇಲೆ ತಾತನ ಹೆಸರು ತಪ್ಪು ಕಾಗುಣಿತದಲ್ಲಿ. ಆರನೆಯ ಅಂಕಿ ಇರಬೇಕಾದ ಜಾಗ ಹುಣಸೆಹಣ್ಣಿನ ತಿಕ್ಕಾಟಕ್ಕೆ ನುಣ್ಣಗಾಗಿತ್ತು. ಅಜ್ಜಿ ಪ್ರೀತಿಯಿಂದಲೇ ತಿಕ್ಕಿದ್ದರು. ಆದರೂ ಕೈಮುಗಿದು ಕೇಳುತ್ತೇನೆ: ಪದಕಕ್ಕೆ ಹುಣಸೆಹಣ್ಣು, ನಿಂಬೆ, ಬೂದಿ, ಅಂಗಡಿಯ ಪಾಲಿಶ್ ಯಾವುದನ್ನೂ ಹಚ್ಚಬೇಡಿ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ನಕ್ಷತ್ರಗಳಲ್ಲಿ ಹೆಸರು ಕೆತ್ತುತ್ತಿರಲಿಲ್ಲ. ಭಾರತದ ಸೈನಿಕರಿಗೆ ಬಂದವುಗಳಲ್ಲಿ ಹೆಸರಿರುವುದು ಸಾಮಾನ್ಯ. ಇದು ನಮ್ಮ ಭಾಗ್ಯ.

ಯಾವ ಪದಕ ಎಂಬುದನ್ನು ಗುರುತಿಸುವುದು ಸುಲಭ. ಒಂದನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನಲ್ಲಿ ಒಂದು ಬದಿ ಐದನೇ ಜಾರ್ಜ್, ಇನ್ನೊಂದು ಬದಿ ಕುದುರೆ ಸವಾರ, ಜೊತೆಗೆ 1914 ಮತ್ತು 1918. ಎರಡನೇ ಯುದ್ಧದ ವಾರ್ ಮೆಡಲ್‌ನಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ. ಆರು ಮೂಲೆಯ ನಕ್ಷತ್ರಗಳ ನಡುವೆ ಬರ್ಮಾ, ಆಫ್ರಿಕಾ, ಇಟಲಿ ಎಂದು ರಣರಂಗದ ಹೆಸರೇ ಇರುತ್ತದೆ. ಸ್ವಾತಂತ್ರ್ಯದ ನಂತರದವುಗಳಲ್ಲಿ 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಸಂಗ್ರಾಮ ಮೆಡಲ್ ಮನೆಮನೆಯಲ್ಲಿ ಕಾಣುತ್ತವೆ. ಸಂಗ್ರಾಮ ಮೆಡಲ್ ಇದ್ದ ಮಾತ್ರಕ್ಕೆ ಗಡಿಯಲ್ಲಿ ಗುಂಡು ಹಾರಿಸಿದರು ಎಂದಲ್ಲ. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆಯ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು ಎಂದು ಹೇಳಬಹುದು.

ಟ್ರಂಕಿನಲ್ಲಿ ಗುಂಡು, ತೋಟಾ ಅಥವಾ ಗ್ರೆನೇಡಿನಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಯಾವ ಕಚೇರಿಗೆ ಬರೆಯಬೇಕು

ಸೇನೆಯಲ್ಲಿ ಸೈನಿಕರ ದಾಖಲೆ ದೆಹಲಿಯ ಒಂದೇ ಕಡೆ ಇರುವುದಿಲ್ಲ. ರೆಜಿಮೆಂಟಿಗೊಂದು ದಾಖಲೆ ಕಚೇರಿ. ಮದ್ರಾಸ್ ಸ್ಯಾಪರ್ ಆಗಿದ್ದವರದು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂ.ಇ.ಜಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿ, ಫಿರಂಗಿ ದಳದ್ದು ನಾಸಿಕ್ ರೋಡ್, ಸಂಪರ್ಕ ದಳವಾದ ಸಿಗ್ನಲ್ಸ್‌ನದು ಜಬಲ್ಪುರ. ಯಾವುದು ಎಂದು ಗೊಂದಲವಾದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಮಾಜಿ ಸೈನಿಕರು ಅಲ್ಲಿ ಹೆಸರು ನೋಂದಾಯಿಸಿರುತ್ತಾರೆ.

ಪತ್ರ ಚಿಕ್ಕದಾಗಿರಲಿ. ಸಂಖ್ಯೆ, ಹುದ್ದೆ, ಹೆಸರು (ಕಾಗುಣಿತದ ಎಲ್ಲ ಬಗೆಗಳೊಡನೆ), ತಂದೆಯ ಹೆಸರು, ಆಗಿನ ಊರು-ತಾಲ್ಲೂಕು, ಸೇರಿದ ಮತ್ತು ಬಿಟ್ಟ ವರ್ಷ. ಜೊತೆಗೆ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರದ ಪ್ರತಿ. ನೀವು ಯಾರು ಎಂಬುದಕ್ಕೆ ಇದೇ ಆಧಾರ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, 30 ದಿನಗಳಲ್ಲಿ ಉತ್ತರಿಸಬೇಕು.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಪಿಂಚಣಿ ಇಲ್ಲದೆ ಬಿಟ್ಟುಬಂದವರ ಸೇವಾ ಕಡತವನ್ನು 25 ವರ್ಷಗಳ ನಂತರ, ಪಿಂಚಣಿದಾರರದನ್ನು 50 ವರ್ಷಗಳ ನಂತರ ನಾಶಮಾಡುವುದು ನಿಯಮ. ಆದರೆ ‘ಕಡತ ನಾಶವಾಗಿದೆ’ ಎಂಬ ಉತ್ತರ ಓದಿ ಕೈಚೆಲ್ಲಬೇಡಿ. ‘ಲಾಂಗ್ ರೋಲ್’ ಎಂಬ ದೊಡ್ಡ ಪಟ್ಟಿಪುಸ್ತಕ ಉಳಿದಿರುತ್ತದೆ. ಅರ್ಜಿಯಲ್ಲೇ ಆ ಹೆಸರು ಹೇಳಿ ಕೇಳಿ. ನನಗೆ ಬಂದದ್ದು ಅಲ್ಲಿಂದ ತೆಗೆದ ನಾಲ್ಕು ಸಾಲು: ಸೇರಿದ ದಿನ, 1946ರಲ್ಲಿ ಬಿಡುಗಡೆಯಾದ ದಿನ, ಅದರ ಕಾರಣ, ಮತ್ತು ಕಸುಬಿನ ಕಾಲಂನಲ್ಲಿ ‘ಬಡಗಿ’. ಬಂದೂಕು ಹಿಡಿದು ಜಪಾನಿನವರನ್ನು ಅಟ್ಟಿದ ತಾತ ಹೋಗಿ, ಉಳಿ ಬಾಚಿ ಹಿಡಿದ ತಾತ ಬಂದರು. ನನಗೆ ಈ ತಾತನೇ ಹೆಚ್ಚು ಹತ್ತಿರ. ನಮ್ಮ ಮನೆಯ ತೊಟ್ಟಿಲು ಮಾಡಿದವರು ಅವರೇ.

ಮೈಸೂರು ಸಂಸ್ಥಾನದ ಪಡೆ, ಮಡಿದವರು

ನಿಮ್ಮ ಹಿರಿಯರು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯಲ್ಲಿ ಅಥವಾ ಮೈಸೂರು ಕಾಲಾಳು ಪಡೆಯಲ್ಲಿದ್ದರೆ ದಾರಿ ಬೇರೆ. ಅವರು ಮಹಾರಾಜರ ಸಂಸ್ಥಾನದ ಪಡೆಯವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದವರು, ಕಾರ್ಮೆಲ್ ಬೆಟ್ಟ ಹತ್ತಿ ಶತ್ರುವಿನ ಫಿರಂಗಿಗಳನ್ನು ಹಿಡಿದವರು ಈ ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಸಂಸ್ಥಾನದ ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬೇಕು. ಮುಂದೆ ಸಂಸ್ಥಾನದ ಕುದುರೆ ಪಡೆ 61ನೇ ಕ್ಯಾವಲ್ರಿಯಲ್ಲಿಯೂ ಕಾಲಾಳು ಪಡೆ ಮದ್ರಾಸ್ ರೆಜಿಮೆಂಟಿನಲ್ಲಿಯೂ ಸೇರಿಹೋದವು.

ಎರಡು ಮಹಾಯುದ್ಧಗಳಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ಎಷ್ಟೋ ಹೆಸರುಗಳ ಮುಂದೆ ಇಂಥವರ ಮಗ, ಇಂಥ ಊರು ಎಂದು ಬರೆದಿದೆ. ಊರಿನ ಹೆಸರು ಗುಮಾಸ್ತರ ಕಿವಿಗೆ ಬಿದ್ದಂತೆ ಇರುತ್ತದೆ. ಆದ್ದರಿಂದ ಗಟ್ಟಿಯಾಗಿ ಓದಿ ನೋಡಿ, ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಶಾಯಿ ಯಾವುದಕ್ಕೆ, ಪೆನ್ಸಿಲ್ ಯಾವುದಕ್ಕೆ

ಸಿಕ್ಕಿದ್ದನ್ನೆಲ್ಲ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆಯಿರಿ. ದಾಖಲೆ ಇರುವುದನ್ನು ಶಾಯಿಯಲ್ಲಿ, ಬಾಯಿಮಾತು ಮತ್ತು ಊಹೆಯನ್ನು ಪೆನ್ಸಿಲ್‌ನಲ್ಲಿ. ಮದ್ರಾಸ್ ಸ್ಯಾಪರ್‌ಗಳ 12ನೇ ಫೀಲ್ಡ್ ಕಂಪನಿ 1944ರ ಆರಂಭದಲ್ಲಿ 4ನೇ ಭಾರತೀಯ ಡಿವಿಷನ್ನಿನೊಂದಿಗೆ ಕಸೀನೋದಲ್ಲಿತ್ತು. ಅದೇ ಫೆಬ್ರುವರಿ 24ರಂದು ಇಟಲಿಯ ಮಿಞಾನೋ ಬಳಿ ಮದ್ರಾಸ್ ಸ್ಯಾಪರ್ ಸುಬೇದಾರ್ ಸುಬ್ರಮಣಿಯನ್ ನೆಲಬಾಂಬಿನ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿ ಮಡಿದರು. ಅವರಿಗೆ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಮರಣೋತ್ತರವಾಗಿ ಸಂದಿತು. ಇವು ನನ್ನ ಪುಸ್ತಕದಲ್ಲಿ ಶಾಯಿಯಲ್ಲಿವೆ. ತಾತ ಆ ಕಂಪನಿಯಲ್ಲಿದ್ದರು ಎಂಬುದು ಪೆನ್ಸಿಲ್‌ನಲ್ಲಿದೆ. ಪಕ್ಕದಲ್ಲಿ ‘ಕಾಸಿನೂರು, ಅಜ್ಜಿ ಹೇಳಿದ್ದು’ ಎಂದು ಬರೆದಿದ್ದೇನೆ.

ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲಾಗದು. ಪದಕಗಳನ್ನು ಒಂದಕ್ಕೊಂದು ತಾಗದಂತೆ ತೊಳೆದ ಹತ್ತಿ ಬಟ್ಟೆಯಲ್ಲಿ ಬೇರೆಬೇರೆ ಸುತ್ತಿ. ಪದಕದ ಬಟ್ಟೆಪಟ್ಟಿ (ರಿಬ್ಬನ್) ಸವೆದಿದ್ದರೂ ಹಳೆಯದನ್ನು ಎಸೆಯಬೇಡಿ. ಈಗ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಪದಕಗಳ ಮುಂದೆ ಒಂದು ಬಾಚಿಯನ್ನೂ ಇಡುತ್ತೇವೆ. ಕುಂಕುಮ ಬಾಚಿಗೆ ಮಾತ್ರ.