ಮಾಲ್ಟಾಕ್ಕೆ ಬಂದ ಕನ್ನಡಿಗರಿಗೆ: ಅಕ್ಷರದಿಂದ ಹಾಡಿನವರೆಗೆ

ಮಾಲ್ಟಾದಲ್ಲಿ ಬ್ಯಾಂಕು, ಆಸ್ಪತ್ರೆ, ಕಚೇರಿ ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. ಹಾಗಾಗಿ ಮಾಲ್ಟೀಸ್ ಕಲಿಯುವುದನ್ನು ನಮ್ಮವರು ಮುಂದೂಡುತ್ತಲೇ ಹೋಗುತ್ತಾರೆ. ಐದು ವರ್ಷ ಕಳೆದು ದೀರ್ಘಾವಧಿ ನಿವಾಸಿ ಸ್ಥಾನಕ್ಕೆ ಅರ್ಜಿ ಹಾಕುವಾಗ, ಭಾಷಾ ಪರೀಕ್ಷೆಯ ಜೊತೆಗೆ ದೇಶದ ಇತಿಹಾಸ, ಸಂಸ್ಕೃತಿ ಕುರಿತ 100 ಗಂಟೆಗಳ ಕೋರ್ಸೂ ಬೇಕೆಂದು ತಿಳಿದು ಗಾಬರಿಬೀಳುತ್ತಾರೆ. ನಿಯಮ ಆಗಾಗ ಬದಲಾಗುತ್ತದೆ, ವಿಚಾರಿಸಿಕೊಳ್ಳಿ. ಕಲಿಕೆ ಮಾತ್ರ ಮೊದಲ ವರ್ಷವೇ ಶುರುವಾಗಲಿ.

ಮೊದಲು ಅಕ್ಷರ. ಭಾಷೆಯ ಬೇರು ಅರಬ್ಬಿ, ಲಿಪಿ ರೋಮನ್, ಅಕ್ಷರ 30. ಎಕ್ಸ್ ಕಂಡರೆ ‘ಶ’, ಜೆ ಕಂಡರೆ ‘ಯ’, ಚುಕ್ಕಿಯಿರುವ ಜಿ ‘ಜ’. ಕ್ಯೂಗೆ ಗಂಟಲಲ್ಲಿ ಉಸಿರನ್ನು ಚಕ್ಕನೆ ತಡೆದು ಬಿಡಬೇಕು. ಜಿ-ಎಚ್ ಜೋಡಿ ಬಹುಪಾಲು ಮೌನ. ಬಸ್ಸಿನಲ್ಲಿ ಊರಿನ ಹೆಸರು ಹೇಳುವಾಗ ‘ಮಾರ್ಸಾಕ್ಸ್‌ಲಾಕ್’ ಅನ್ನಬೇಡಿ, ‘ಮರ್ಸಶ್ಲೊಕ್’ ಅನ್ನಿ. (ಡ್ರೈವರೇ ಭಾರತದವರಾಗಿದ್ದರೆ ಹೇಗಂದರೂ ನಡೆದೀತು.) ರಾಜಧಾನಿ ವಲ್ಲೆಟ್ಟಾಕ್ಕೆ ಸ್ಥಳೀಯರು ‘ಇಲ್-ಬೆಲ್ತ್’ ಅನ್ನುತ್ತಾರೆ.

ಓದು ರಾಷ್ಟ್ರಗೀತೆಯಿಂದ ಶುರುವಾಗಲಿ: ಎಂಟೇ ಸಾಲು. 1922ರಲ್ಲಿ ಬರೆದವರು ದುನ್ ಕರ್ಮ್, ಪಾದ್ರಿ, ರಾಷ್ಟ್ರಕವಿ. 1912ರವರೆಗೆ ಅವರು ಕವಿತೆ ಬರೆದದ್ದು ಇಟಾಲಿಯನ್‌ನಲ್ಲಿ. ಗೀತೆಯಲ್ಲಿ ಯುದ್ಧದ ಅಬ್ಬರವಿಲ್ಲ. ಆಳುವವರಿಗೆ ವಿವೇಕ, ಧಣಿಗೆ ಕರುಣೆ, ದುಡಿಯುವವನಿಗೆ ಶಕ್ತಿ ಕೊಡೆಂದು ದೇವರನ್ನು ಕೇಳುತ್ತದೆ. ದುನ್ ಕರ್ಮ್ ಅವರ ಊರು ಜೆಬ್ಬುಜ್. ಮಾಲ್ಟೀಸ್ ಭಾಷೆಯ ಪಿತಾಮಹ ಎನಿಸಿದ ವಸ್ಸಾಲ್ಲಿಯದೂ ಅದೇ ಊರು. ನೋಡಲು ಹೋಗುವವರು ಗಮನಿಸಿ: ಗೋಜೋ ದ್ವೀಪದಲ್ಲೂ ಒಂದು ಜೆಬ್ಬುಜ್ ಇದೆ, ಅದು ಬೇರೆ. ರಬತ್ ಎಂಬ ಊರೂ ಹೀಗೇ ಎರಡು.

ಆಮೇಲೆ ‘ಕಾಂತಿಲೇನಾ’. ಸಿಕ್ಕಿರುವ ಮಾಲ್ಟೀಸ್ ಸಾಹಿತ್ಯದಲ್ಲಿ ಇದೇ ಅತಿ ಹಳೆಯದು; 15ನೇ ಶತಮಾನದ ಪಿಯೆತ್ರು ಕಶಾರೊನ ರಚನೆ, 20 ಸಾಲು. ನೋಟರಿಯೊಬ್ಬರ ದಾಖಲೆ ಪುಸ್ತಕದಲ್ಲಿ ಅಡಗಿದ್ದು 1966ರಲ್ಲಿ ಸಿಕ್ಕಿತು. ಕಟ್ಟಿದ ಮನೆ ಕುಸಿದ ದುಃಖ ಅದರ ವಸ್ತು: ಬಂಡೆ ಸಿಗುತ್ತದೆಂದು ನಂಬಿದ ಕಡೆ ಸಡಿಲ ಜೇಡಿ ಸಿಕ್ಕಿತು ಅನ್ನುತ್ತಾನೆ ಕವಿ. ಸುಣ್ಣಕಲ್ಲಿನ ಈ ದ್ವೀಪದಲ್ಲಿ ಜೇಡಿಯ ಪದರವೂ ಇರುವುದರಿಂದ ಆ ಮಾತು ಬರೀ ಅಲಂಕಾರವಲ್ಲ. ಹಳೆಯ ಮಾಲ್ಟೀಸಾದ್ದರಿಂದ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಪುಸ್ತಕ ಮನೆಗೆ ಬೇಕಿದ್ದರೆ ವಲ್ಲೆಟ್ಟಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಡಿ, ಅಲ್ಲಿ ಕೂತು ಓದಲು ಮಾತ್ರ ಅವಕಾಶ. ಎರವಲಿಗೆ ಫ್ಲೋರಿಯಾನಾದ ಕೇಂದ್ರ ಸಾರ್ವಜನಿಕ ಗ್ರಂಥಾಲಯ ಇದೆ. ಗುರುತಿನ ಚೀಟಿ ಒಯ್ಯಿರಿ. ಮಕ್ಕಳ ವಿಭಾಗದಿಂದ ಶುರುಮಾಡಲು ಸಂಕೋಚ ಬೇಡ.

ಕೊನೆಗೆ ಹಾಡು. ಜಿ-ಎಚ್‌ನಿಂದ ಬರೆದು ‘ಆನ’ ಎಂದು ಉಚ್ಚರಿಸುವ ಜನಪದ ಗಾಯನ 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದರಲ್ಲಿ ‘ಸ್ಪಿರ್ತು ಪ್ರೊಂತ್’ ಎಂಬುದು ನಮ್ಮ ಹರದೇಶಿ-ನಾಗೇಶಿಯಂತೆ ಸವಾಲು-ಜವಾಬು: ಗಿಟಾರ್ ಹಿಮ್ಮೇಳದಲ್ಲಿ ಗಾಯಕರು ಸರದಿಯಂತೆ ಸ್ಥಳದಲ್ಲೇ ನಾಲ್ಕು ಸಾಲಿನ ಪದ ಕಟ್ಟುತ್ತಾರೆ, 2 ಮತ್ತು 4ನೇ ಸಾಲಿಗೆ ಪ್ರಾಸ. ಹಾಡಿನ ನಡುವೆ ಮಾತಾಡಿದರೆ ಕೇಳುಗರು ಸಿಡುಕುತ್ತಾರೆ. ಗಿಟಾರ್ ಬಿಡುವಿನಲ್ಲಿ ಪಿಸುಗುಟ್ಟಿ. ಕೇಳಲು ಒಳ್ಳೆಯ ಸಂದರ್ಭ ಇಮ್ನಾರ್ಯ ಹಬ್ಬ: ಜೂನ್ 28ರ ಸಂಜೆ ಬುಸ್ಕೆತ್ ತೋಪಿನಲ್ಲಿ. ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಹೋಗಿ, ಅಂದಿನ ವಿಶೇಷ ಅಡುಗೆ ಮೊಲದ ಮಾಂಸ.