ಹೆಸರು ಮುಚ್ಚಿ ಅರ್ಜಿ ಓದಿದ್ದು: ನನ್ನ ಅನುಭವ

ಕೆಲಸಕ್ಕೆ ಬರುವ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಸೋಸುವುದು ನನ್ನ ಕೆಲಸ. ರಾಶಿ ಬಿದ್ದಾಗ ಒಂದೊಂದಕ್ಕೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಆ ಅವಸರದಲ್ಲಿ ಕಣ್ಣು ಮೊದಲು ಹೋಗುವುದು ಹೆಸರಿನ ಮೇಲೆ. ಅಮೆರಿಕದ ಬೋಸ್ಟನ್, ಷಿಕಾಗೋದಲ್ಲಿ ಸಂಶೋಧಕರು ಕೆಲಸದ ಜಾಹೀರಾತುಗಳಿಗೆ ಕಾಲ್ಪನಿಕ ಹೆಸರು ಹಾಕಿದ ಸುಮಾರು 5,000 ರೆಸ್ಯೂಮೆ ಕಳಿಸಿ ನೋಡಿದ್ದರು. ಅದು 2004ರಲ್ಲಿ ಪ್ರಕಟವಾಯಿತು. ಬಿಳಿಯರದ್ದು ಅನ್ನಿಸುವ ಹೆಸರಿದ್ದರೆ ಸುಮಾರು 10 ರೆಸ್ಯೂಮೆಗೆ ಒಂದು ಕರೆ. ಕಪ್ಪು ಜನರದ್ದು ಅನ್ನಿಸಿದರೆ 15ಕ್ಕೆ ಒಂದು. ಎಷ್ಟು ಅನ್ಯಾಯ ಅಲ್ವಾ?

ಅದಕ್ಕೇ ನಾವು ಅರ್ಜಿಗಳಿಂದ ಹೆಸರು, ಫೋಟೋ, ವಿಳಾಸ, ಹುಟ್ಟಿದ ದಿನ ತೆಗೆದುಹಾಕಿದೆವು. ಆಯ್ಕೆಗೆ ಸಂಬಂಧವಿಲ್ಲದ ಸಹೋದ್ಯೋಗಿಯೊಬ್ಬರು ಪ್ರತಿ ಅರ್ಜಿಗೂ ನಂಬರ್ ಕೊಟ್ಟು, ಹೆಸರಿನ ಪಟ್ಟಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಇಷ್ಟು ಸುಲಭ. ಆದರೆ ಹೆಸರು ಸಂದಿಗೊಂದಿಯಿಂದ ಇಣುಕುತ್ತಲೇ ಇರುತ್ತದೆ. ಇಮೇಲ್ ಐಡಿಯಲ್ಲಿ ಇದೆ. ಫೈಲಿನ ಹೆಸರಲ್ಲೂ ಇದೆ. ಡಿಗ್ರಿ ಮುಗಿಸಿದ ವರ್ಷ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಹಳೆಯ ಮೇಲಧಿಕಾರಿ ಕೊಟ್ಟ ಶಿಫಾರಸು ಪತ್ರದಲ್ಲಿ 'ಅವಳು' ಅಂತ ಒಂದೇ ಒಂದು ಪದ ಇದ್ದರೂ ಸಾಕು.

ಹಾಗಾಗಿ ಈಗ ಮೊದಲ ಸುತ್ತಿಗೆ ರೆಸ್ಯೂಮೆಯನ್ನೇ ಕೇಳುವುದಿಲ್ಲ. ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಕೊಡುತ್ತೇವೆ. ಉದಾಹರಣೆಗೆ: 'ಬಿಲ್ ತಪ್ಪಾಗಿದೆ ಅಂತ ಗ್ರಾಹಕರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಉತ್ತರ ಬರೆಯಿರಿ.' ಎಲ್ಲರ ಮೊದಲ ಉತ್ತರ ಓದಿ ಮುಗಿಸಿ, ಆಮೇಲೆ ಎಲ್ಲರ ಎರಡನೆಯದು. ಹೀಗೆ ಮಾಡಿದರೆ ಒಂದು ಉತ್ತರ ಹಿಡಿಸಿತು ಅಂತ ಅದೇ ವ್ಯಕ್ತಿಯ ಮುಂದಿನ ಉತ್ತರಕ್ಕೂ ಸುಮ್ನೆ ಅಂಕ ಹೋಗುವುದಿಲ್ಲ. ಮೂವರು ಬೇರೆ ಬೇರೆ ಕೂತು ಅಂಕ ಹಾಕುತ್ತೇವೆ.

ಮುಚ್ಚುವುದರಿಂದ ನಷ್ಟವೂ ಆಗಬಹುದು. ಫ್ರಾನ್ಸ್ 2006ರಲ್ಲಿ ಹೆಸರಿಲ್ಲದ ಅರ್ಜಿಗೆ ಕಾನೂನು ತಂದಿತ್ತು. ಆಮೇಲೆ ತಾವಾಗಿ ಮುಂದೆ ಬಂದ ಕಂಪನಿಗಳಲ್ಲಿ ಪ್ರಯೋಗ ಮಾಡಿದಾಗ ವಲಸೆ ಬಂದ ಕುಟುಂಬಗಳವರಿಗೆ ಕರೆ ಕಡಿಮೆಯೇ ಆಯಿತು. ಹಿನ್ನೆಲೆ ಗೊತ್ತಿದ್ದರೆ ನಡುವೆ ಕೆಲಸವಿಲ್ಲದ ವರ್ಷಗಳನ್ನು ಅರ್ಥ ಮಾಡಿಕೊಳ್ಳುವವರು ಇರುತ್ತಾರೆ. ಹೆಸರಿನ ಜೊತೆ ಆ ಹಿನ್ನೆಲೆಯೂ ಮರೆಯಾಯಿತು ಅನ್ನುವುದು ಸಂಶೋಧಕರು ಕೊಟ್ಟ ಒಂದು ವಿವರಣೆ. ಅದನ್ನು ಓದಿದ ಮೇಲೆ, ಕೆಲಸ ಬಿಟ್ಟಿದ್ದ ವರ್ಷಗಳಿಗೆ ಅಂಕ ಕಳೆಯಬಾರದು ಅಂತ ನಮ್ಮ ನಿಯಮಕ್ಕೆ ಸೇರಿಸಿದೆ.

ಸಂದರ್ಶನದಲ್ಲಿ ಮುಖ, ಮಾತಿನ ಧಾಟಿ ಎಲ್ಲ ವಾಪಸ್ ಬರುತ್ತವೆ. ಅಲ್ಲೇ ನನಗೆ ಜಾಸ್ತಿ ಆತಂಕ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ತಮ್ಮತಮ್ಮಲ್ಲಿ ಮಾತಾಡುವ ಮೊದಲೇ ಅಂಕ. 'ಯಾಕೋ ನಮ್ಮ ತಂಡಕ್ಕೆ ಹೊಂದಲ್ಲ ಅನ್ಸುತ್ತೆ' ಅಂತ ಯಾರಾದರೂ ಅಂದರೆ, ಯಾವ ಉತ್ತರ ಕೇಳಿ ಹಾಗನ್ನಿಸಿತು ಅಂತ ಬರೆದುಕೊಡಲು ಹೇಳುತ್ತೇನೆ. ಬರೆಯಲು ಆಗದಿದ್ದರೆ ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.