ರಾಯಚೂರಿನಿಂದ ಹೊರಟು ದಕ್ಷಿಣ ಯುರೋಪಿನಲ್ಲಿ ಕಾರು ಓಡಿಸೋದು

ಮೊದಲು ನಮ್ಮ ರಾಯಚೂರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಇಟಲಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು.

ದಾರಿ? ನಾನಾದರೆ ಇಟಲಿ ಸುತ್ತಿ, ಅಲ್ಲಿನ ಬಾರಿ ಎಂಬ ಬಂದರಿನಲ್ಲಿ ರಾತ್ರಿ ಹಡಗು ಹತ್ತಿ ಗ್ರೀಸಿನ ಪಾತ್ರಾಸ್‌ನಲ್ಲಿ ಇಳಿಯುತ್ತೇನೆ. ಬಾಡಿಗೆ ಕಾರನ್ನು ಹಡಗಿಗೆ ಏರಿಸಬಹುದಾ ಅಂತ ಕಂಪನಿಯವರನ್ನು ಮೊದಲೇ ಕೇಳಿ, ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಇಟಲಿಯ ಹಳೇ ಪೇಟೆಗಳ ಬಾಯಲ್ಲಿ ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಬೋರ್ಡು, ಜೊತೆಗೆ ‘ಝಡ್‌ಟಿಎಲ್’ (ZTL, ಅಂದರೆ ವಾಹನ ಸಂಚಾರಕ್ಕೆ ನಿರ್ಬಂಧ ಇರುವ ಜಾಗ) ಅಂತ ಕಂಡರೆ ಒಳಗೆ ನುಗ್ಗಬೇಡಿ. ಪೊಲೀಸರು ಕಾಣೋದಿಲ್ಲ, ಕ್ಯಾಮೆರಾ ನೋಡುತ್ತಿರುತ್ತದೆ. ದಂಡದ ಚೀಟಿ ತಿಂಗಳುಗಳಾದ ಮೇಲೂ ಮನೆಗೆ ಬರಬಹುದು! ಕಾರು ಹೊರಗೇ ನಿಲ್ಲಿಸಿ, ನಡೆದು ಹೋಗಿ.

ಜುಲೈ, ಆಗಸ್ಟ್ ಬೇಡ. ಬಿಸಿಲು ನಮ್ಮೂರಲ್ಲೇ ಜಾಸ್ತಿ ಇದೆ, ಅಲ್ವಾ? ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಅವ್ವ ತುಪ್ಪದ ಡಬ್ಬಿ ಕೊಟ್ಟರೆ ಮನೆಯಲ್ಲೇ ಬಿಡಿ; ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ.